ನಗೋಕೆ ಮುಂಚೆ ಒಂದು ನಿಮಿಷ ಕೇಳಿ

ಕ್ಯಾಂಪಸ್‌ನಲ್ಲಿ ಖರ್ಚಿಲ್ಲದೆ ನಗು ಹುಟ್ಟಿಸೋ ವಿಷಯ ಯಾವುದು ಅಂತ ಕೇಳಿದರೆ ಹೆಚ್ಚು ಯೋಚಿಸಬೇಕಿಲ್ಲ, ಬೇರೆಯವರ ಉಚ್ಚಾರಣೆ. ಮಂಡ್ಯ ಕಡೆಯ ಹುಡುಗ 'ಆಲು' ಅಂದ್ರೆ ನಗು. ಲಖನೌದಿಂದ ಬಂದ ಹುಡುಗಿ ಕಷ್ಟಪಟ್ಟು ಕನ್ನಡದಲ್ಲಿ 'ನಿಮ್ಮ ಹಲ್ಲಿ ಎಲ್ಲಿದೆ' ಅಂತ ಕೇಳಿದ್ರೆ ನಗು. ಕಲಬುರಗಿಯವರು ಒಂದು ವಾಕ್ಯ ಮುಗಿಸೋದ್ರೊಳಗೆ ಪಕ್ಕದ ಬೆಂಚಿನಲ್ಲಿ ಅದರ ಮಿಮಿಕ್ರಿ ಶುರು. ಕನ್ನಡ ಮೀಡಿಯಂನಿಂದ ಬಂದವರು ಸೆಮಿನಾರ್‌ನಲ್ಲಿ ಇಂಗ್ಲಿಷ್ ಪದವೊಂದನ್ನು ತಮ್ಮೂರಿನ ರೀತಿ ಹೇಳಿದ್ರೆ ಹಿಂದಿನ ಸಾಲಿನಿಂದ ಒಂದು ಸಣ್ಣ ಕೆಮ್ಮು.

ಯಾರೂ ಕೆಟ್ಟ ಉದ್ದೇಶದಿಂದ ನಗಲ್ಲ, ಸರಿ. ಆದರೆ ಆಮೇಲೆ ಏನಾಗುತ್ತೆ ಅನ್ನೋದನ್ನ ನಾವೆಲ್ಲ ನೋಡ್ತಾನೇ ಇದೀವಿ. 'ಹಲ್ಲಿ' ಅಂದ ಹುಡುಗಿ ಮುಂದಿನ ನಾಲ್ಕು ವರ್ಷ ಮೆಸ್ಸಿನವರ ಹತ್ತಿರ ಕೂಡ ಹಿಂದಿಯಲ್ಲೇ ಮಾತಾಡ್ತಾಳೆ. ಕನ್ನಡ ಮೀಡಿಯಂನ ಹುಡುಗ ಪ್ರಾಜೆಕ್ಟಿನ ಕೋಡ್ ಪೂರ್ತಿ ತಾನೇ ಬರೆದಿದ್ದರೂ ರಿವ್ಯೂ ದಿನ 'ನೀನೇ ಪ್ರೆಸೆಂಟ್ ಮಾಡೋ, ನಾನು ಸ್ಲೈಡ್ ಚೇಂಜ್ ಮಾಡ್ತೀನಿ' ಅಂತಾನೆ. ಒಬ್ಬಳು ಕನ್ನಡ ಕಲಿಯೋದು ನಿಂತಿತು, ಒಬ್ಬನ ಅಂಕ ಹೋಯ್ತು. ಒಂದು ನಗುವಿಗೆ ಇಷ್ಟು ಬೆಲೆ ಜಾಸ್ತಿ ಅಂತ ನಮಗನ್ನಿಸುತ್ತೆ.

ಇದನ್ನ 'ಎಲ್ಲರನ್ನೂ ಗೌರವಿಸಿ' ಅನ್ನೋ ನೀತಿಪಾಠ ಮಾಡಿ ಮುಗಿಸೋದು ನಮ್ಮ ಉದ್ದೇಶ ಅಲ್ಲ. ನೀತಿಪಾಠ ಯಾರೂ ಓದಲ್ಲ. ನಾವು ಹೇಳ್ತಿರೋದು ಬೇರೆ: ಆ ನಗುವಿನ ಹಿಂದೆ ಒಂದು ತಾಂತ್ರಿಕ ತಪ್ಪು ತಿಳಿವಳಿಕೆ ಇದೆ. 'ನಮ್ಮ ಕಿವಿ ಇದ್ದದ್ದನ್ನು ಇದ್ದ ಹಾಗೆ ಕೇಳುತ್ತೆ, ಅವರ ನಾಲಿಗೆ ತಪ್ಪು ಮಾಡುತ್ತೆ' ಅನ್ನೋದು ಆ ತಿಳಿವಳಿಕೆ. ಎಂಜಿನಿಯರಿಂಗ್ ಓದೋರು ಇದನ್ನು ನಂಬಬಾರದು. ಯಾಕಂದ್ರೆ ಮನುಷ್ಯನ ಕಿವಿ ಮೈಕ್ರೊಫೋನ್ ಅಲ್ಲ.

ಮನಶ್ಶಾಸ್ತ್ರದಲ್ಲಿ ಎರಡು ಮಾತುಗಳನ್ನು ಬೇರೆ ಬೇರೆ ಇಟ್ಟಿದ್ದಾರೆ: ಸಂವೇದನೆ ಮತ್ತು ಗ್ರಹಿಕೆ. ಗಾಳಿಯ ಒತ್ತಡದ ಏರಿಳಿತ ಕಿವಿಯ ತಮಟೆಗೆ ಬಡಿದು, ಒಳಗಿನ ಬಸವನಹುಳದ ಆಕಾರದ ಕಾಕ್ಲಿಯಾದಲ್ಲಿ ಫ್ರೀಕ್ವೆನ್ಸಿಗೆ ತಕ್ಕಂತೆ ಬೇರೆ ಬೇರೆ ಜಾಗದಲ್ಲಿ ಕಂಪನ ಎಬ್ಬಿಸಿ, ನರದ ಸಂಕೇತ ಆಗೋವರೆಗಿನದು ಸಂವೇದನೆ. ಈ ಕಾಕ್ಲಿಯಾ ಹೇಗೆ ಕೆಲಸ ಮಾಡುತ್ತೆ ಅಂತ ತೋರಿಸಿ 1961ರಲ್ಲಿ ನೊಬೆಲ್ ಪಡೆದ ಜಾರ್ಜ್ ಫಾನ್ ಬೆಕೆಶಿ ಡಾಕ್ಟರ್ ಅಲ್ಲ; ಹಂಗೇರಿಯ ಅಂಚೆ ಇಲಾಖೆಯ ಟೆಲಿಫೋನ್ ಪ್ರಯೋಗಾಲಯದಲ್ಲಿ ದುಡಿದವರು. ಅಲ್ಲಿವರೆಗೆ ನಮ್ಮ ನಿಮ್ಮ ಕಿವಿಗೆ ಅಷ್ಟೇನೂ ವ್ಯತ್ಯಾಸ ಇಲ್ಲ. ವ್ಯತ್ಯಾಸ ಶುರುವಾಗೋದು ಮುಂದಿನ ಹಂತದಲ್ಲಿ, ಬಂದ ಸಂಕೇತಕ್ಕೆ ಮೆದುಳು 'ಇದು ಲ', 'ಇದು ಳ' ಅಂತ ಹೆಸರು ಕೊಡೋ ಹಂತದಲ್ಲಿ. ಅದು ಗ್ರಹಿಕೆ.

ಆ ಹೆಸರು ಕೊಡೋ ಕೆಲಸ ಹೇಗೆ ನಡೆಯುತ್ತೆ? ಅಮೆರಿಕದ ಹಾಸ್ಕಿನ್ಸ್ ಪ್ರಯೋಗಾಲಯದಲ್ಲಿ ಆಲ್ವಿನ್ ಲಿಬರ್ಮನ್ ಮತ್ತು ಸಂಗಡಿಗರು 1957ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಯಂತ್ರದಿಂದ ಹುಟ್ಟಿಸಿದ ಧ್ವನಿಯನ್ನು 'ಬ'ದಿಂದ 'ದ'ಕ್ಕೆ, ಅಲ್ಲಿಂದ 'ಗ'ಕ್ಕೆ 14 ಸಮನಾದ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಬದಲಾಯಿಸುತ್ತಾ ಹೋದರು. ಕೇಳೋರಿಗೆ 'ಬ' ನಿಧಾನವಾಗಿ ಕರಗಿ 'ದ' ಆದ ಹಾಗೆ ಅನ್ನಿಸಬೇಕಿತ್ತು ಅಲ್ವಾ? ಹಾಗಾಗಲಿಲ್ಲ. ಒಂದಷ್ಟು ಹೆಜ್ಜೆಗಳವರೆಗೆ ಬರೀ 'ಬ' ಕೇಳಿಸಿತು, ಆಮೇಲೆ ಥಟ್ಟನೆ 'ದ'. ಗಡಿಯ ಆ ಕಡೆ ಈ ಕಡೆ ಇರೋ ಎರಡು ಧ್ವನಿಗಳ ವ್ಯತ್ಯಾಸ ಸುಲಭವಾಗಿ ಗೊತ್ತಾಗ್ತಿತ್ತು. ಒಂದೇ ಗಡಿಯ ಒಳಗಿದ್ದ ಎರಡು ಧ್ವನಿಗಳಲ್ಲಿ ಅಷ್ಟೇ ವ್ಯತ್ಯಾಸ ಇದ್ದರೂ ಅವೆರಡೂ ಒಂದೇ ಅನ್ನಿಸ್ತಿತ್ತು.

ಡಿಜಿಟಲ್ ಎಲೆಕ್ಟ್ರಾನಿಕ್ಸ್ ಪಾಸಾದವರಿಗೆ ಇದು ಹೊಸದಲ್ಲ. ಕಂಪ್ಯಾರೇಟರ್‌ನ ಥ್ರೆಶೋಲ್ಡ್ 2.5 ವೋಲ್ಟ್ ಇದ್ದರೆ 2.4ಕ್ಕೂ 2.6ಕ್ಕೂ ಭೂಮಿ ಆಕಾಶದ ವ್ಯತ್ಯಾಸ, 2.6ಕ್ಕೂ 4.9ಕ್ಕೂ ಏನೂ ವ್ಯತ್ಯಾಸ ಇಲ್ಲ. ಇದನ್ನ ನಾವು ದೋಷ ಅನ್ನಲ್ಲ, ನಾಯ್ಸ್ ಇಮ್ಯುನಿಟಿ ಅಂತ ಹೊಗಳ್ತೀವಿ. ಕಿವಿಯದ್ದೂ ಅದೇ ಜಾಣತನ. ಅಜ್ಜಿ ಹೇಳಿದ 'ಬ', ಮಗು ಹೇಳಿದ 'ಬ', ನೆಗಡಿಯಾದವನು ಹೇಳಿದ 'ಬ' ಮೂರರ ವೇವ್‌ಫಾರ್ಮ್ ಬೇರೆ ಬೇರೆ. ಮೂರನ್ನೂ 'ಬ' ಅಂತಲೇ ಕೇಳಿಸೋದು ಈ ಕ್ವಾಂಟೈಸೇಷನ್. ಪ್ರಶ್ನೆ ಇಷ್ಟೇ, ಥ್ರೆಶೋಲ್ಡ್ ಎಲ್ಲಿಡಬೇಕು ಅಂತ ತೀರ್ಮಾನ ಮಾಡೋರು ಯಾರು?

ಹೆಚ್ಚಿನ ಪಾಲು ಅದು ನಾವು ಹುಟ್ಟಿದ ಮನೆಯ ಭಾಷೆಯ ಕೆಲಸ. ಅದೂ ನಾವು ಮೊದಲ ಮಾತಾಡೋಕೆ ಮುಂಚೆ. ಕೆನಡಾದ ಜೆನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಇಂಗ್ಲಿಷ್ ಮನೆಗಳ ಮಕ್ಕಳಿಗೆ ಹಿಂದಿಯ 'ತ' ಮತ್ತು 'ಟ' ಕೇಳಿಸಿದರು. ಇಂಗ್ಲಿಷಿನಲ್ಲಿ ಈ ಭೇದ ಇಲ್ಲ. 6ರಿಂದ 8 ತಿಂಗಳಿನ ಕೂಸುಗಳಲ್ಲಿ ಹೆಚ್ಚಿನವು ವ್ಯತ್ಯಾಸ ಗುರುತಿಸಿದವು. 10ರಿಂದ 12 ತಿಂಗಳು ಆಗೋ ಹೊತ್ತಿಗೆ ಗುರುತಿಸುವ ಮಕ್ಕಳು ಕೆಲವೇ ಕೆಲವರು. ಅದೇ ಹಿಂದಿ ಮನೆಯ ಮಕ್ಕಳು ವರ್ಷ ತುಂಬೋ ಹೊತ್ತಿಗೂ ಸರಾಗವಾಗಿ ಗುರುತಿಸಿದರು. ಅಂದರೆ ಹುಟ್ಟಿದ ಕೂಸಿನ ಕಿವಿ ಹೆಚ್ಚುಕಡಿಮೆ ಎಲ್ಲ ಭಾಷೆಗೂ ತೆರೆದಿರುತ್ತೆ. ಮನೆಯಲ್ಲಿ ಯಾವ ಭೇದ ಬಳಕೆಯಲ್ಲಿದೆಯೋ ಅದನ್ನ ಉಳಿಸಿಕೊಂಡು, ಬಳಕೆಯಲ್ಲಿ ಇಲ್ಲದ್ದನ್ನ ಮೊದಲ ಹುಟ್ಟುಹಬ್ಬದೊಳಗೆ ಪಕ್ಕಕ್ಕೆ ಇಡುತ್ತೆ.

ಈಗ ಲಖನೌ ಹುಡುಗಿಯ ಹತ್ತಿರ ಬನ್ನಿ. ನಮಗೆ ಹಲ್ಲಿ ಗೋಡೆ ಮೇಲೆ, ಹಳ್ಳಿ ಬಸ್ಸಿನ ಕೊನೇ ಸ್ಟಾಪಿನಲ್ಲಿ. ಹುಲಿ ಕಾಡಿನಲ್ಲಿ, ಹುಳಿ ಸಾರಿನಲ್ಲಿ. ಕಾಲು ನೋಯುತ್ತೆ, ಕಾಳು ಬೇಯುತ್ತೆ. ಅವಳ ಹಿಂದಿಯಲ್ಲಿ ಳಕಾರ ಅನ್ನೋದೇ ಇಲ್ಲ. ಮರಾಠಿಯಲ್ಲಿದೆ, ತೆಲುಗು ತಮಿಳಿನಲ್ಲಿದೆ, ಅವಳಾಡುವ ಹಿಂದಿಯಲ್ಲಿಲ್ಲ. ಇನ್ನು ಸ್ವರಗಳ ವಿಷಯ. ನಮಗೆ 'ಎ' ಬೇರೆ 'ಏ' ಬೇರೆ, 'ಒ' ಬೇರೆ 'ಓ' ಬೇರೆ. ಹಿಂದಿಯಲ್ಲಿ ಈ ಗಿಡ್ಡ ಉದ್ದದ ಜೋಡಿ ಇಲ್ಲ. ಹಾಗಾಗಿ ಬೆಲೆ, ಬೆಳೆ, ಬೇಳೆ ನಮಗೆ ಮೂರು ಪದ. ಅವಳ ಕಿವಿಗೆ ಮೂರೂ ಒಂದೇ ಡಬ್ಬಿಯೊಳಗೆ ಹೋಗಿ ಬೀಳುವ ಸಾಧ್ಯತೆಯೇ ಹೆಚ್ಚು. ಅವಳು ಳಕಾರವನ್ನ ಕೇಳಿಸಿಕೊಂಡು ಸೋಮಾರಿತನದಿಂದ ಲಕಾರ ಹೇಳ್ತಿಲ್ಲ. ನಾವು ಹತ್ತು ಸಲ 'ಹಳ್ಳಿ, ಹಳ್ಳಿ' ಅಂತ ಜೋರಾಗಿ ಹೇಳಿದ್ರೂ ಅವಳಿಗೆ ಹತ್ತು ಸಲ ಕೇಳಿಸೋದು ಬಹುಶಃ 'ಹಲ್ಲಿ'ಯೇ. ವಾಲ್ಯೂಮ್ ಜಾಸ್ತಿ ಮಾಡಿದ್ರೆ ರೆಸಲ್ಯೂಷನ್ ಜಾಸ್ತಿ ಆಗಲ್ಲ.

'ನಮ್ಮ ಕಿವಿ ಚೆನ್ನಾಗಿದೆಯಲ್ಲ' ಅಂತ ಬೀಗೋರಿಗೆ ಮೂರು ಪರೀಕ್ಷೆ ಇದೆ.

ಮೊದಲನೆಯದು, ಪಶ್ಚಿಮಕ್ಕೆ ಇಂಗ್ಲಿಷಿನಲ್ಲಿ ಏನು? ವೆಸ್ಟ್. ಒಳಗೆ ಹಾಕೋ ಬನಿಯನ್‌ಗೆ? ಅದೂ ವೆಸ್ಟ್. ಇಂಗ್ಲಿಷ್ ಮಾತೃಭಾಷೆಯವರಿಗೆ ಇವೆರಡರ ಮೊದಲ ಧ್ವನಿ ನಮ್ಮ ಲ ಮತ್ತು ಳ ಇದ್ದಷ್ಟೇ ದೂರ. ಒಂದಕ್ಕೆ ತುಟಿ ದುಂಡಾಗಬೇಕು, ಇನ್ನೊಂದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಈ ಲೇಖನದಲ್ಲಿ ಆ ವ್ಯತ್ಯಾಸವನ್ನ ಬರೆದು ತೋರಿಸೋಣ ಅಂದರೆ ನಮ್ಮ ಲಿಪಿಯಲ್ಲಿ ಅದಕ್ಕೆ ಎರಡು ಅಕ್ಷರವೇ ಇಲ್ಲ.

ಎರಡನೆಯದು, ಹಿಂದಿಯಲ್ಲಿ 'ಊಟ ಆಯ್ತಾ' ಅಂತ ಕೇಳೋಕೆ ಹೋಗಿ ನಮ್ಮಲ್ಲಿ ಎಷ್ಟೋ ಜನ 'ಕಾನಾ ಕಾಯಾ ಕ್ಯಾ' ಅಂತಾರೆ. 'ಖಾನಾ' ಅಂದ್ರೆ ಊಟ, 'ಕಾನಾ' ಅಂದ್ರೆ ಒಕ್ಕಣ್ಣ. ಆಡುಗನ್ನಡದಲ್ಲಿ ಮಹಾಪ್ರಾಣ ಹೆಚ್ಚಾಗಿ ಸವೆದುಹೋಗಿದೆ. ಅದು ಸಂಸ್ಕೃತದಿಂದ ಬಂದ ಪದಗಳ ಜೊತೆ ಬರವಣಿಗೆಯಲ್ಲಿ ಉಳಿದಿದೆ. ಹಿಂದಿಯವರಿಗೆ ಇದು ಹಲ್ಲಿ-ಹಳ್ಳಿ ಅಷ್ಟೇ ತಮಾಷೆ. ಇಂಗ್ಲಿಷಿನವರಿಗೆ ಇನ್ನೂ ಮಜಾ ಇದೆ. ಅವರು 'ಪಿನ್' ಅನ್ನುವಾಗ ಪಕಾರದ ಜೊತೆ ಉಸಿರು ಹೊರಗೆ ನುಗ್ಗುತ್ತೆ, 'ಸ್ಪಿನ್' ಅನ್ನುವಾಗ ನುಗ್ಗಲ್ಲ. ಹಿಂದಿ ಕಿವಿಗೆ ಅವು ಎರಡು ಬೇರೆ ವ್ಯಂಜನ. ದಿನವೂ ಎರಡನ್ನೂ ತಪ್ಪಿಲ್ಲದೆ ಹೇಳೋ ಇಂಗ್ಲಿಷಿನವರಿಗೆ ಅವು ಒಂದೇ.

ಮೂರನೆಯದು ನಮ್ಮ ಮನೆಯದ್ದೇ. ಹಳಗನ್ನಡದಲ್ಲಿ ೞ ಮತ್ತು ಱ ಅಂತ ಎರಡು ಅಕ್ಷರ ಇದ್ದವು. ೞ ಹೋಗಿ ಳದೊಳಗೆ ಸೇರಿತು, ಱ ಹೋಗಿ ರದೊಳಗೆ. ತಮಿಳಿನವರು, ಮಲಯಾಳಿಗಳು ಇವತ್ತಿಗೂ ೞ ಉಳಿಸಿಕೊಂಡಿದ್ದಾರೆ. ಅವರ ಭಾಷೆಯ ಹೆಸರನ್ನೇ ಅವರು 'ತಮಿೞ್' ಅಂತಾರೆ, ನಾವು 'ತಮಿಳು' ಅಂತೀವಿ. ಅವರು ಯಾರೂ ನಮ್ಮನ್ನ ನಿಲ್ಲಿಸಿ ತಿದ್ದಲ್ಲ. ತಿದ್ದಿದರೂ ನಮ್ಮಲ್ಲಿ ಬಹಳ ಜನಕ್ಕೆ ಎರಡರ ನಡುವಿನ ವ್ಯತ್ಯಾಸ ಮೊದಲ ಸಲಕ್ಕೆ ಕಿವಿಗೆ ಸಿಗಲ್ಲ. ಲಖನೌ ಹುಡುಗಿ ಳಕಾರದ ಮುಂದೆ ಎಲ್ಲಿ ನಿಂತಿದ್ದಾಳೋ, ಚೆನ್ನೈಗೆ ಇಂಟರ್ನ್‌ಶಿಪ್‌ಗೆ ಹೋದ ಕನ್ನಡಿಗ ೞಕಾರದ ಮುಂದೆ ಅಲ್ಲೇ ನಿಂತಿರ್ತಾನೆ.

ಇನ್ನು ಮಂಡ್ಯದ 'ಆಲು'. ಇದು ಬೇರೆ ಜಾತಿಯ ವಿಷಯ. ಅವನಿಗೆ ಹಕಾರ ಕೇಳಿಸಲ್ಲ ಅಂತ ನಾವು ಹೇಳ್ತಿಲ್ಲ. ಮನೆಯಲ್ಲಿ, ಗದ್ದೆಯಲ್ಲಿ, ಜಾತ್ರೆಯಲ್ಲಿ ಎಲ್ಲರೂ ಆಡೋ ಮಾತು ಅದು. ಆದರೆ ನಗೋರು ಒಂದು ಇತಿಹಾಸ ತಿಳ್ಕೊಂಡು ನಗಲಿ. ಹಳಗನ್ನಡದಲ್ಲಿ ಹಾಲಿಗೆ 'ಪಾಲ್' ಅಂತಿದ್ರು, ಹುಲಿಗೆ 'ಪುಲಿ', ಹೂವಿಗೆ 'ಪೂ'. ಪಕಾರ ಸವೆದು ಹಕಾರ ಆಯ್ತು, ನಾವು ಅದನ್ನ 'ಶುದ್ಧ' ಅಂದ್ವಿ. ಆ ಹಕಾರ ಇನ್ನೊಂದು ಹೆಜ್ಜೆ ಸವೆದು 'ಆಲು' ಆದ್ರೆ 'ಅಶುದ್ಧ' ಅಂತೀವಿ. ಪಂಪನ ಕಾಲದವರು ಬಂದು ಕೇಳಿದ್ರೆ ನಮ್ಮ 'ಹಾಲು' ಕೂಡ ಅವರಿಗೆ ಸವಕಲು ನಾಣ್ಯವೇ.

ಕಿವಿಯ ಮೇಲೆ ಇಷ್ಟೊಂದು ಭರವಸೆ ಇಡೋರಿಗೆ ಇನ್ನೆರಡು ಪ್ರಯೋಗ ಗೊತ್ತಿರಬೇಕು. 1976ರಲ್ಲಿ ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಒಂದು ವಿಡಿಯೊದಲ್ಲಿ 'ಗ' ಅನ್ನೋ ತುಟಿಗಳಿಗೆ 'ಬ' ಅನ್ನೋ ಆಡಿಯೊ ಜೋಡಿಸಿದರು. ನೋಡಿದವರಲ್ಲಿ ಹೆಚ್ಚಿನವರಿಗೆ ಕೇಳಿಸಿದ್ದು 'ದ'. ಆಡಿಯೊದಲ್ಲೂ ಇಲ್ಲದ, ವಿಡಿಯೊದಲ್ಲೂ ಇಲ್ಲದ ಮೂರನೇ ಅಕ್ಷರ! ಕಣ್ಣು ಮುಚ್ಚಿದರೆ 'ಬ', ತೆರೆದರೆ ಮತ್ತೆ 'ದ'. ಅದಕ್ಕೂ ಮುಂಚೆ 1970ರಲ್ಲಿ ರಿಚರ್ಡ್ ವಾರನ್ ಒಂದು ವಾಕ್ಯದ ರೆಕಾರ್ಡಿಂಗ್‌ನಿಂದ ಒಂದು ಧ್ವನಿಯನ್ನ ಪೂರ್ತಿ ಕತ್ತರಿಸಿ ಅಲ್ಲಿ ಕೆಮ್ಮು ಸೇರಿಸಿದರು. ಕೇಳಿದವರಿಗೆ ಕೆಮ್ಮೂ ಕೇಳಿಸಿತು, ಕತ್ತರಿಸಿ ಹಾಕಿದ ಧ್ವನಿಯೂ 'ಕೇಳಿಸಿತು'. ಏನೋ ಬಿಟ್ಟುಹೋಗಿದೆ ಅಂತ ಹೆಚ್ಚುಕಡಿಮೆ ಯಾರಿಗೂ ಅನ್ನಿಸಲಿಲ್ಲ. ಮೆದುಳು ಸಂದರ್ಭ ನೋಡಿ ತುಂಬಿಕೊಂಡಿತ್ತು. ಫೋನಿನಲ್ಲಿ ನಾವು ಆರಾಮಾಗಿ ಮಾತಾಡೋದು ಇದರಿಂದಲೇ. ಹಳೇ ಟೆಲಿಫೋನ್ ಲೈನು ಸಾಗಿಸುತ್ತಿದ್ದದ್ದು 300ರಿಂದ 3400 ಹರ್ಟ್ಸ್ ಮಾತ್ರ. ಸಕಾರದ ಶಕ್ತಿಯ ದೊಡ್ಡ ಪಾಲು ಅದಕ್ಕಿಂತ ಮೇಲಿದೆ. ಆದರೂ 'ಸಾರು' ಅಂದ್ರೆ ಸಾರು ಅಂತಲೇ ತಿಳಿಯುತ್ತಿತ್ತು, ಉಳಿದದ್ದನ್ನ ಮೆದುಳು ಹಾಕಿಕೊಳ್ಳುತ್ತಿತ್ತು.

ಹಾಗಾದ್ರೆ ಒಂದು ಕೇಳ್ತೀವಿ. ಕತ್ತರಿಸಿಹೋದ ಧ್ವನಿಯನ್ನೇ ತುಂಬಿಕೊಳ್ಳೋ ಮೆದುಳಿಗೆ, 'ನಿಮ್ಮ ಹಲ್ಲಿ ಎಲ್ಲಿದೆ' ಅಂದ್ರೆ ಊರು ಯಾವುದು ಅಂತ ಅರ್ಥ ಆಗಲ್ವಾ? ಆಗುತ್ತೆ. ಅರ್ಥ ಆದಮೇಲೇ ನಗ್ತಿರೋದು.

ನಗು ಕಣ್ಣಿಗೆ ಕಾಣುತ್ತೆ. ಅದಕ್ಕಿಂತ ದೊಡ್ಡ ನಷ್ಟ ಕಾಣದ ಹಾಗೆ ಆಗ್ತಿರುತ್ತೆ. ಶಿರಿ ಲೆವ್-ಆರಿ ಮತ್ತು ಬೋಅಜ್ ಕೈಸರ್ 2010ರಲ್ಲಿ ಷಿಕಾಗೊದಲ್ಲಿ ಮಾಡಿದ ಪ್ರಯೋಗ ನೋಡಿ. ಸಣ್ಣ ಸಣ್ಣ ಸಾಮಾನ್ಯ ಜ್ಞಾನದ ವಾಕ್ಯಗಳನ್ನ ಕೆಲವನ್ನ ಇಂಗ್ಲಿಷ್ ಮಾತೃಭಾಷೆಯವರು, ಕೆಲವನ್ನ ಬೇರೆ ಭಾಷೆಯ ಛಾಯೆ ಇರೋರು ಓದಿದರು. ಓದೋರು ಬರೆದುಕೊಟ್ಟಿದ್ದನ್ನ ಓದ್ತಿದ್ದಾರೆ ಅಷ್ಟೇ ಅಂತ ಕೇಳೋರಿಗೆ ಮೊದಲೇ ಹೇಳಿದ್ದರು. ಆದರೂ ಛಾಯೆ ಇದ್ದ ದನಿಯಲ್ಲಿ ಬಂದ ಮಾತು ಕಡಿಮೆ 'ನಿಜ' ಅನ್ನಿಸಿತು. ದ್ವೇಷ ಇಲ್ಲದಿದ್ದರೂ ಹೀಗಾಗಬಹುದು ಅನ್ನೋದು ಅವರ ವಿವರಣೆ: ಅರ್ಥ ಮಾಡಿಕೊಳ್ಳೋಕೆ ಮೆದುಳು ಒಂಚೂರು ಜಾಸ್ತಿ ಕಷ್ಟಪಡಬೇಕು, ಆ ಕಷ್ಟವನ್ನ ಅದು 'ಈ ಮಾತು ಅನುಮಾನ' ಅಂತ ಲೆಕ್ಕ ಹಾಕಿಬಿಡುತ್ತೆ.

ಇದನ್ನ ವೈವಾ ಕೋಣೆಗೆ ತಂದು ನೋಡಿ. ಪ್ಲೇಸ್‌ಮೆಂಟಿನ ಗ್ರೂಪ್ ಡಿಸ್ಕಷನ್‌ಗೆ ತಂದು ನೋಡಿ. ಇಬ್ಬರು ಒಂದೇ ಉತ್ತರ ಹೇಳ್ತಾರೆ. ಒಬ್ಬರ ಇಂಗ್ಲಿಷ್ ನಮ್ಮ ಕಿವಿಗೆ ಪಳಗಿದ್ದು, ಇನ್ನೊಬ್ಬರದ್ದು ಅಲ್ಲ. ಎರಡನೆಯವರಿಗೆ 'ಕಾನ್ಸೆಪ್ಟ್ ಅಷ್ಟು ಕ್ಲಿಯರ್ ಇಲ್ಲ' ಅನ್ನೋ ಷರಾ ಬೀಳುವ ಅಪಾಯ ಇದೆ. ಷರಾ ಬರೆದವರಿಗೂ ಅದು ತಮ್ಮ ಕಿವಿಯ ಆಲಸ್ಯ ಅಂತ ಗೊತ್ತಾಗಲ್ಲ.

ಮನುಷ್ಯರದ್ದು ಹಾಗಿರಲಿ, ನಾವು ಕಟ್ಟೋ ಯಂತ್ರಗಳೂ ನಮ್ಮ ಕಿವಿಯನ್ನೇ ಕಲೀತಾವೆ. 2020ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅಮೆಜಾನ್, ಆಪಲ್, ಗೂಗಲ್, ಐಬಿಎಂ, ಮೈಕ್ರೊಸಾಫ್ಟ್ ಈ ಐದೂ ಕಂಪನಿಗಳ ಮಾತು ಗುರುತಿಸುವ ವ್ಯವಸ್ಥೆಗಳನ್ನ ಪರೀಕ್ಷೆ ಮಾಡಿದರು. ಬಿಳಿಯ ಅಮೆರಿಕನ್ನರ ಮಾತಿನಲ್ಲಿ ಸರಾಸರಿ 100 ಪದಕ್ಕೆ ಸುಮಾರು 19 ತಪ್ಪು, ಕಪ್ಪು ಅಮೆರಿಕನ್ನರ ಮಾತಿನಲ್ಲಿ ಸುಮಾರು 35. ನಮ್ಮಲ್ಲೂ ಪ್ರತಿ ವರ್ಷ 'ಕನ್ನಡ ವಾಯ್ಸ್ ಅಸಿಸ್ಟೆಂಟ್' ಅಂತ ಫೈನಲ್ ಇಯರ್ ಪ್ರಾಜೆಕ್ಟ್ ಇದ್ದೇ ಇರುತ್ತೆ. ಅದರ ಡೇಟಾ ಎಲ್ಲಿಂದ ಬರುತ್ತೆ? ಹಾಸ್ಟೆಲ್ಲಿನ ನಾಲ್ಕು ಫ್ರೆಂಡ್ಸ್ ದನಿಯಿಂದ ಆದ್ರೆ, ಕುಂದಾಪುರದ ಅಜ್ಜಿ, ರಾಯಚೂರಿನ ರೈತ, ಮಂಡ್ಯದ 'ಆಲು' ಮಾರೋರು ಯಾರಿಗೂ ಅದು ಉತ್ತರ ಕೊಡಲ್ಲ. ಅದು ಸುಮ್ಮನೆ 'ಅರ್ಥವಾಗಲಿಲ್ಲ' ಅನ್ನುತ್ತೆ. ಹಿಂದಿನ ಬೆಂಚಿನ ಕೆಮ್ಮಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಏನಿಲ್ಲ.

'ಹಾಗಂತ ಉಚ್ಚಾರಣೆಗೆ ಬೆಲೆಯೇ ಇಲ್ವಾ? ಏನು ಬೇಕಾದ್ರೂ ಹೇಳಬಹುದಾ?' ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ನಾಟಕದ ರಂಗದ ಮೇಲೆ, ರೇಡಿಯೊದಲ್ಲಿ, ನಮ್ಮದೇ ರಾಜ್ಯೋತ್ಸವದ ನಿರೂಪಣೆಯಲ್ಲಿ ಸ್ಪಷ್ಟ ಉಚ್ಚಾರಣೆ ಬೇಕು. ಕತೆ ಹೇಳೋಕೆ ನಿಂತವರು ಕತ್ತೆ ಹೇಳಬಾರದು. ಕಲಿಯೋದು ಬೇಡ ಅಂತ ನಾವು ಹೇಳ್ತಿಲ್ಲ. ನಗುವಿನಿಂದ ಯಾರೂ ಕಲಿಯಲ್ಲ ಅಂತ ಹೇಳ್ತಿದೀವಿ. ಕಲಿಸೋ ದಾರಿ ಬೇರೆ ಇದೆ, ಅದು ಪ್ರಯೋಗದಿಂದಲೇ ಗೊತ್ತಾಗಿದೆ.

ಜಪಾನಿ ಭಾಷೆಯಲ್ಲಿ ಇಂಗ್ಲಿಷಿನ ಹಾಗೆ ರ-ಲ ಭೇದ ಇಲ್ಲ. 1991ರಲ್ಲಿ ಲೋಗನ್, ಲೈವ್ಲಿ, ಪಿಸೋನಿ ಜಪಾನಿ ಮಾತೃಭಾಷೆಯವರಿಗೆ ಹಲವು ಜನರ ದನಿಯಲ್ಲಿ, ಹಲವು ಪದಗಳಲ್ಲಿ ರ-ಲ ಜೋಡಿ ಕೇಳಿಸಿ, ಪ್ರತಿ ಸಲ ಸರಿ-ತಪ್ಪು ತಕ್ಷಣ ತಿಳಿಸ್ತಾ ಕೆಲವು ವಾರ ತರಬೇತಿ ಕೊಟ್ಟರು. ದೊಡ್ಡವರ ಕಿವಿಯೂ ಸುಧಾರಿಸಿತು. ಆಮೇಲಿನ, 1997ರ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಗೊತ್ತಾಯ್ತು: ಬರೀ ಕೇಳೋ ತರಬೇತಿ ಕೊಟ್ಟರೂ ಅವರು ಹೇಳೋದು ಕೂಡ ಉತ್ತಮವಾಯ್ತು. ಕಿವಿ ಮುಂದೆ ಹೋದ್ರೆ ನಾಲಿಗೆ ಹಿಂದೆ ಬರುತ್ತೆ.

ಹಾಗಾಗಿ ನಮ್ಮ ಸಂಘಕ್ಕೆ, ನಮ್ಮನ್ನೂ ಸೇರಿಸಿ, ಮೂರು ಸಲಹೆ. ಕನ್ನಡ ಬಾರದವರಿಗೆ ನಡೆಸೋ ತರಗತಿಯಲ್ಲಿ ಮೊದಲ ದಿನವೇ 'ಇದನ್ನ ಹೇಳಿ' ಅಂತ ಕೂರಿಸೋದು ಬಿಟ್ಟು 'ಇದನ್ನ ಕೇಳಿ' ಅಂತ ಶುರು ಮಾಡೋಣ. ಹುಲಿ-ಹುಳಿ, ಬಲೆ-ಬಳೆ, ಮನೆ-ಮಣೆ, ಬೆಳೆ-ಬೇಳೆ, ಬಳಿ-ಬಳ್ಳಿ ಇಂಥ ಜೋಡಿಗಳನ್ನ ಹತ್ತಿಪ್ಪತ್ತು ಜನರ ದನಿಯಲ್ಲಿ ರೆಕಾರ್ಡ್ ಮಾಡಿ ಒಂದು ಸಣ್ಣ ಕ್ವಿಜ್ ಆ್ಯಪ್ ಕಟ್ಟೋದು ಥರ್ಡ್ ಸೆಮ್‌ನವರಿಗೂ ಒಂದು ವಾರಾಂತ್ಯದ ಕೆಲಸ. ಎರಡನೆಯದು, ಆ ದನಿಗಳು ಬೀದರ್‌ನಿಂದ ಚಾಮರಾಜನಗರದವರೆಗೆ ಇರಲಿ. ಹಲವು ದನಿಗಳಲ್ಲಿ ಕಲಿತರೆ ಹೊಸಬರ ಮಾತೂ ಅರ್ಥ ಆಗೋದು ಸುಲಭ. ಮೂರನೆಯದು, ಸೆಮಿನಾರ್ ಕೇಳೋರಿಗೆ. ಕಾನ್‌ಸ್ಟನ್ಸ್ ಕ್ಲಾರ್ಕ್ ಮತ್ತು ಮೆರಿಲ್ ಗ್ಯಾರೆಟ್ 2004ರಲ್ಲಿ ತೋರಿಸಿದ ಹಾಗೆ, ಪರಿಚಯ ಇಲ್ಲದ ಉಚ್ಚಾರಣೆಗೆ ಹೊಂದಿಕೊಳ್ಳೋಕೆ ಕೇಳುಗರಿಗೆ ಒಂದು ನಿಮಿಷ ಕೂಡ ಬೇಕಿಲ್ಲ. ಮೊದಲ ಒಂದೆರಡು ವಾಕ್ಯ ತೊಡಕು, ಆಮೇಲೆ ಕಿವಿ ತಾನೇ ಥ್ರೆಶೋಲ್ಡ್ ಸರಿಮಾಡಿಕೊಳ್ಳುತ್ತೆ.

ಕಷ್ಟ ಏನಂದ್ರೆ ನಮ್ಮ ನಗು ಬರೋದು ಸರಿಯಾಗಿ ಆ ಮೊದಲ ನಿಮಿಷದಲ್ಲೇ. ಕಿವಿ ಹೊಂದಿಕೊಳ್ಳೋಕೆ ಮುಂಚೆ ಎದುರಿಗಿದ್ದವರು ಮಾತು ನಿಲ್ಲಿಸಿರ್ತಾರೆ. ಮುಂದಿನ ವಾರ ಇಂಟರ್ನಲ್ ಸೆಮಿನಾರ್‌ಗಳು ಶುರು. ಯಾರೋ ಒಬ್ಬರು ಮೈಕ್ ಹಿಡಿದು ನಿಮ್ಮ ಕಿವಿಗೆ ಒಗ್ಗದ ದನಿಯಲ್ಲಿ ಶುರು ಮಾಡ್ತಾರೆ. ಅರವತ್ತು ಸೆಕೆಂಡ್ ಸುಮ್ಮನಿದ್ದು ಕೇಳಿ. ಆಮೇಲೆ ಅವರ ಸರ್ಕ್ಯೂಟ್‌ನಲ್ಲಿ ತಪ್ಪಿದ್ದರೆ ಧಾರಾಳವಾಗಿ ಪ್ರಶ್ನೆ ಕೇಳಿ.